ಉಪ್ಪಿನ ಋಣ: ಕಷ್ಟಕಾಲದಲ್ಲಿ ಹುಟ್ಟಿದ ಒಂದು ಹಬ್ಬದ ಚರಿತ್ರೆ

ಅಮೆರಿಕದಲ್ಲಿರೋ ಕನ್ನಡಿಗರಿಗೆ ನವೆಂಬರ್ ಅಂದ್ರೆ ಗಡಿಬಿಡಿಯ ತಿಂಗಳು. ಮೊದಲಿಗೆ ಕನ್ನಡ ಕೂಟದ ರಾಜ್ಯೋತ್ಸವ, ಮಕ್ಕಳ ನಾಟಕದ ರಿಹರ್ಸಲ್ಲು. ಅದು ಮುಗಿಯೋ ಹೊತ್ತಿಗೆ ಥ್ಯಾಂಕ್ಸ್‌ಗಿವಿಂಗ್. ನಾಲ್ಕು ದಿನ ರಜೆ, ಯಾರದೋ ಮನೆಯಲ್ಲಿ ಪಾಟ್‌ಲಕ್, ಟರ್ಕಿಯ ಜಾಗದಲ್ಲಿ ಬಿಸಿಬೇಳೆಬಾತು. ಮಕ್ಕಳು ಶಾಲೆಯಿಂದ ಕಾಗದದ ಟೋಪಿ ಹಾಕ್ಕೊಂಡು ಬರ್ತಾರೆ. ಜೊತೆಗೆ, ‘ನಾನು ಯಾವುದಕ್ಕೆಲ್ಲ ಕೃತಜ್ಞ’ ಅಂತ ತುಂಬಿಸಬೇಕಾದ ಒಂದು ಹಾಳೆ.

ಆ ಹಾಳೆ ತುಂಬಿಸೋದು ಮಕ್ಕಳಿಗೆ ಸುಲಭ. ದೊಡ್ಡವರಿಗೆ ಕೆಲವು ವರ್ಷ ಅದು ಕಷ್ಟವಾಗುತ್ತೆ. ಲೇಆಫ್ ಆಗಿ, ವೀಸಾದ ಅರವತ್ತು ದಿನಗಳ ಲೆಕ್ಕ ಹಾಕುತ್ತಾ ಕೂತವರಿಗೆ, ಊರಲ್ಲಿ ಅಪ್ಪ ತೀರಿಕೊಂಡಾಗ ಹೋಗಿ ಮುಖ ನೋಡಲಾಗದೆ ಉಳಿದವರಿಗೆ, “ಇರೋದಕ್ಕೆ ಕೃತಜ್ಞರಾಗಿರಿ, ಎಲ್ಲ ಸರಿಹೋಗುತ್ತೆ” ಅಂತ ಯಾರಾದರೂ ಹೇಳಿದರೆ ಸಮಾಧಾನಕ್ಕಿಂತ ಸಿಟ್ಟೇ ಬರುತ್ತೆ. ಬರಬೇಕಾದ್ದೇ. ಎಷ್ಟೋ ಸಲ ಆ ಮಾತಿನ ಒಳಾರ್ಥ, “ದೂರಬೇಡ, ಸುಮ್ಮನಿರು” ಅಂತ.

ಹಾಗಾದರೆ ಕಷ್ಟದಲ್ಲಿರುವಾಗ ಕೃತಜ್ಞತೆ ಅನ್ನೋದಕ್ಕೆ ಏನಾದರೂ ಅರ್ಥ ಇದೆಯಾ? ಈ ಪ್ರಶ್ನೆಗೆ ಮನಶ್ಶಾಸ್ತ್ರದಿಂದ, ಅಧ್ಯಾತ್ಮದಿಂದ ಉತ್ತರ ಕೊಡುವವರು ಬಹಳ ಜನ ಇದ್ದಾರೆ. ನಾವು ಚರಿತ್ರೆಯ ಕಡೆಯಿಂದ ನೋಡೋಣ. ಯಾಕಂದ್ರೆ ಈ ಹಬ್ಬ ಹುಟ್ಟಿದ್ದು ಸುಖದ ದಿನಗಳಲ್ಲಲ್ಲ. ಅದರ ಒಂದೊಂದು ತಿರುವಿನಲ್ಲೂ ಒಂದೊಂದು ಸಾವಿನ ಕಥೆ ಇದೆ.

ಅರ್ಧ ಜನ ಉಳಿದ ಊರು

ಮೇಫ್ಲವರ್ ಹಡಗಿನಲ್ಲಿ ಇಂಗ್ಲೆಂಡಿನಿಂದ 102 ಪ್ರಯಾಣಿಕರು ಹೊರಟಿದ್ದು 1620ರಲ್ಲಿ. ಕೇಪ್ ಕಾಡ್ ತೀರ ಕಂಡಾಗ ನವೆಂಬರ್ ತಿಂಗಳು. ಬಿತ್ತನೆಯ ಕಾಲ ಎಂದೋ ಮುಗಿದಿತ್ತು, ಕಟ್ಟಿದ ಮನೆಯಿರಲಿಲ್ಲ, ಚಳಿ ಶುರುವಾಗಿತ್ತು. ಆ ಮೊದಲ ಚಳಿಗಾಲದಲ್ಲಿ ರೋಗ, ಹಸಿವುಗಳಿಂದ ಹೆಚ್ಚು ಕಡಿಮೆ ಅರ್ಧ ಜನ ಸತ್ತರು. ಹೆಂಗಸರಲ್ಲಂತೂ ಉಳಿದವರು ಬೆರಳೆಣಿಕೆಯಷ್ಟು.

ಇಲ್ಲಿಯವರೆಗೆ ಶಾಲೆಯ ಪಾಠದಲ್ಲೂ ಇರುತ್ತೆ. ಆದರೆ ಅವರು ಇಳಿದ ಜಾಗದ ಕಥೆಯನ್ನೂ ಕೇಳಬೇಕು. ಪ್ಲಿಮತ್ ಅಂತ ಅವರು ಕರೆದ ಊರಿಗೆ ಮೊದಲು ಪಟಕ್ಸೆಟ್ ಅಂತ ಹೆಸರಿತ್ತು. ವಾಂಪನಾಗ್ ಜನರ ಊರು. ಹೊಲಗಳು ಹಸನಾಗಿದ್ದವು, ಉಳುವವರು ಮಾತ್ರ ಇರಲಿಲ್ಲ. 1616ರಿಂದ 1619ರ ನಡುವೆ, ಯುರೋಪಿನ ಹಡಗುಗಳ ಜೊತೆ ಬಂದ ಒಂದು ಸಾಂಕ್ರಾಮಿಕ ರೋಗ ಆ ಕರಾವಳಿಯ ಊರೂರುಗಳನ್ನೇ ಅಳಿಸಿಹಾಕಿತ್ತು. ಇಂಗ್ಲಿಷರು ಮನೆ ಕಟ್ಟಿಕೊಂಡದ್ದು ಇನ್ನೊಬ್ಬರ ಸ್ಮಶಾನದ ಮೇಲೆ.

ಆ ಊರಿನವನೇ ಆದ ಒಬ್ಬ ಮನುಷ್ಯ ಮಾತ್ರ ಬದುಕಿದ್ದ. ಟಿಸ್ಕ್ವಾಂಟಮ್. ನಮ್ಮ ಮಕ್ಕಳ ಪುಸ್ತಕದಲ್ಲಿ ಬರೋ ‘ಸ್ಕ್ವಾಂಟೊ’ ಇವನೇ. 1614ರಲ್ಲಿ ಒಬ್ಬ ಇಂಗ್ಲಿಷ್ ಹಡಗಿನ ನಾಯಕ ಇವನನ್ನೂ ಇನ್ನೂ ಹಲವರನ್ನೂ ಮೋಸದಿಂದ ಹಿಡಿದು, ಸ್ಪೇನಿನ ಮಲಗಾ ಬಂದರಿಗೆ ಸಾಗಿಸಿ ಗುಲಾಮರಂತೆ ಮಾರಿದ. ಅಲ್ಲಿಂದ ಹೇಗೋ ಇಂಗ್ಲೆಂಡಿಗೆ ಬಂದು, ಇಂಗ್ಲಿಷ್ ಕಲಿತು, 1619ರಲ್ಲಿ ತಾಯ್ನಾಡಿಗೆ ಮರಳಿದ. ಬಂದು ನೋಡಿದರೆ ಊರೇ ಇಲ್ಲ. ನಿಷ್ಕಾರಣವಾಗಿ ಅವನ ಅಷ್ಟು ವರ್ಷಗಳನ್ನು ಕಿತ್ತುಕೊಂಡವರ ಭಾಷೆ ಮಾತ್ರ ಬಾಯಲ್ಲಿ ಉಳಿದಿತ್ತು. ಅದೇ ಭಾಷೆಯಲ್ಲಿ ಅವನು ಈ ಹಸಿದ ಇಂಗ್ಲಿಷರಿಗೆ ಜೋಳ ಬಿತ್ತೋದು ಹೇಗೆ, ಗುಣಿಗೆ ಮೀನು ಗೊಬ್ಬರ ಹಾಕೋದು ಹೇಗೆ ಅಂತ ಕಲಿಸಿದ.

ಬಿತ್ತಿದ ಬೀಜಕ್ಕೂ ಒಂದು ಕಥೆ ಇದೆ. ಬಂದ ಹೊಸದರಲ್ಲಿ ವಲಸಿಗರು ಸ್ಥಳೀಯರು ನೆಲದಲ್ಲಿ ಹೂತಿಟ್ಟಿದ್ದ ಜೋಳವನ್ನು ಅಗೆದು ತಂದಿದ್ದರು. ನಮ್ಮ ಕಡೆ ಹಗೇವಿನಲ್ಲಿ ಧಾನ್ಯ ಇಡ್ತಿದ್ದರಲ್ಲ, ಹಾಗೆ ಇಟ್ಟದ್ದು. ಕೇಳಿ ತಂದದ್ದಲ್ಲ. ಆಮೇಲೆ ಅದರ ಬಾಕಿ ತೀರಿಸಿದರು ಅನ್ನೋದು ನಿಜ. ಆದರೆ ಮೊದಲ ಫಸಲಿನ ಬೀಜ ಬೇರೆಯವರ ಹಗೇವಿನದು ಅನ್ನೋದೂ ಅಷ್ಟೇ ನಿಜ.

1621ರ ಶರತ್ಕಾಲದಲ್ಲಿ ಫಸಲು ಕೈಗೆ ಬಂತು. ಊಟಕ್ಕೆ ಕೂತ ಇಂಗ್ಲಿಷರು ಸುಮಾರು ಐವತ್ತು. ವಾಂಪನಾಗ್ ನಾಯಕ ಮಸಸಾಯಿಟ್ ಜೊತೆ ಬಂದವರು ಸುಮಾರು ತೊಂಬತ್ತು. ಅವರೇ ಐದು ಜಿಂಕೆ ಬೇಟೆಯಾಡಿ ತಂದರು. ಮೂರು ದಿನ ಊಟ, ಆಟ. ಇಷ್ಟು ವಿವರ ನಮಗೆ ಗೊತ್ತಿರೋದು ಎಡ್ವರ್ಡ್ ವಿನ್‌ಸ್ಲೋ ಬರೆದ ಒಂದು ಪತ್ರದ ಕೆಲವೇ ಸಾಲುಗಳಿಂದ. ಅದನ್ನು ಅವರು ‘ಥ್ಯಾಂಕ್ಸ್‌ಗಿವಿಂಗ್’ ಅಂತ ಕರೆಯಲಿಲ್ಲ. ಆ ಜನರಿಗೆ ಆ ಪದದ ಅರ್ಥ ಇಡೀ ದಿನ ಪ್ರಾರ್ಥನೆ ಮಾಡೋದು. ‘ಮೊದಲ ಥ್ಯಾಂಕ್ಸ್‌ಗಿವಿಂಗ್’ ಅನ್ನೋ ಹಣೆಪಟ್ಟಿ ಅದಕ್ಕೆ ಅಂಟಿಕೊಂಡಿದ್ದು ಎರಡು ಶತಮಾನ ಕಳೆದ ಮೇಲೆ, 1841ರಲ್ಲಿ ಆ ಪತ್ರವನ್ನು ಮತ್ತೆ ಅಚ್ಚು ಹಾಕಿದಾಗ, ಒಂದು ಅಡಿಟಿಪ್ಪಣಿಯಲ್ಲಿ.

ಒಂದು ಕ್ಷಣ ಆ ಪಂಕ್ತಿಯನ್ನು ಕಲ್ಪಿಸಿಕೊಳ್ಳಿ. ಒಂದು ಕಡೆ, ವರ್ಷದ ಹಿಂದೆ ಹೊರಟವರಲ್ಲಿ ಅರ್ಧ ಜನರನ್ನು ಮಣ್ಣು ಮಾಡಿದವರು. ಇನ್ನೊಂದು ಕಡೆ, ರೋಗಕ್ಕೆ ಸಿಕ್ಕಿ ಬಲ ಕಳೆದುಕೊಂಡು, ಪಶ್ಚಿಮದ ನೆರೆಯವರಾದ ನರಗಾನ್ಸೆಟ್ ಜನರಿಗೆ ಹೆದರಿ, ಈ ಹೊಸಬರ ಜೊತೆ ಒಪ್ಪಂದ ಮಾಡಿಕೊಂಡವರು. ಅಲ್ಲಿ ಕೂತವರಲ್ಲಿ ಮನೆಯಲ್ಲಿ ಸಾವು ಕಾಣದವರು ಇದ್ದಿರಲಾರರು. ಚಿತ್ರಗಳಲ್ಲಿ ಕಾಣೋ ನಗುಮುಖದ ಔತಣ ಅದಲ್ಲ.

ಕಪ್ಪು ಉಡುಪಿನ ಸಂಪಾದಕಿ

ಈ ಹಬ್ಬ ದೇಶದ ಹಬ್ಬವಾದದ್ದು ಇನ್ನೊಂದು ದೊಡ್ಡ ದುರಂತದ ನಡುವೆ. ಅದರ ಹಿಂದೆ ಒಬ್ಬ ವಿಧವೆಯ ಹಟ ಇದೆ.

ಸಾರಾ ಜೋಸೆಫಾ ಹೇಲ್ ಹುಟ್ಟಿದ್ದು 1788ರಲ್ಲಿ, ನ್ಯೂ ಹ್ಯಾಂಪ್‌ಶೈರಿನ ನ್ಯೂಪೋರ್ಟ್ ಅನ್ನೋ ಊರಲ್ಲಿ. ಗಂಡ ವಕೀಲ. 1822ರಲ್ಲಿ ಅವನು ತೀರಿಕೊಂಡ. ನಾಲ್ಕು ಮಕ್ಕಳು, ಐದನೆಯದು ಹೊಟ್ಟೆಯಲ್ಲಿ. ಕೈಯಲ್ಲಿ ಕಾಸಿಲ್ಲ. ಮೊದಲು ಟೋಪಿ ಅಂಗಡಿ ಇಟ್ಟುಕೊಂಡು ನೋಡಿದಳು, ಆಮೇಲೆ ಬರವಣಿಗೆಗೆ ಕೈಹಾಕಿದಳು. ಮೇರಿಯ ಪುಟ್ಟ ಕುರಿಮರಿಯ ಶಿಶುಗೀತೆ ಇದೆಯಲ್ಲ, ನಮ್ಮೂರ ಕಾನ್ವೆಂಟುಗಳಲ್ಲೂ ಹೇಳಿಕೊಡ್ತಾರಲ್ಲ, ಅದನ್ನು 1830ರಲ್ಲಿ ತನ್ನ ಪುಸ್ತಕದಲ್ಲಿ ಪ್ರಕಟಿಸಿದವಳು ಈಕೆಯೇ. ಗಂಡ ಸತ್ತಾಗ ತೊಟ್ಟ ಕಪ್ಪು ಉಡುಪನ್ನು ಬದುಕಿರುವ ತನಕ ಬಿಡಲಿಲ್ಲ.

1837ರಿಂದ ನಲವತ್ತು ವರ್ಷ ಆಕೆ ‘ಗೋಡೀಸ್ ಲೇಡೀಸ್ ಬುಕ್’ ಪತ್ರಿಕೆಯ ಸಂಪಾದಕಿ. 1860ರ ಹೊತ್ತಿಗೆ ಅದರ ಪ್ರಸಾರ ಸುಮಾರು ಒಂದೂವರೆ ಲಕ್ಷ. ನ್ಯೂ ಇಂಗ್ಲೆಂಡಿನ ರಾಜ್ಯಗಳಲ್ಲಿ ಆಗಲೇ ಸುಗ್ಗಿಯಾದ ಮೇಲೆ ಥ್ಯಾಂಕ್ಸ್‌ಗಿವಿಂಗ್ ಆಚರಿಸುತ್ತಿದ್ದರು, ಆದರೆ ಒಬ್ಬೊಬ್ಬ ಗವರ್ನರ್ ಒಂದೊಂದು ದಿನ ಗೊತ್ತು ಮಾಡ್ತಿದ್ದ. ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಒಮ್ಮೆ ಇಡೀ ದೇಶಕ್ಕೆ ಒಂದು ದಿನ ಘೋಷಿಸಿದ್ದ. ಅದು ಪದ್ಧತಿಯಾಗಿ ನಿಲ್ಲಲಿಲ್ಲ. ಎಲ್ಲ ರಾಜ್ಯಗಳೂ ಒಂದೇ ದಿನ ಊಟಕ್ಕೆ ಕೂತರೆ ಒಡೆಯುತ್ತಿರುವ ದೇಶ ಒಂದಾಗಬಹುದು ಅಂತ ಹೇಲ್ ನಂಬಿದಳು. 1840ರ ದಶಕದಿಂದ ವರ್ಷ ವರ್ಷವೂ ಸಂಪಾದಕೀಯ ಬರೆದಳು, ಗವರ್ನರುಗಳಿಗೆ, ಅಧ್ಯಕ್ಷರುಗಳಿಗೆ ಪತ್ರ ಬರೆದಳು. ದಕ್ಷಿಣದ ಹಲವರಿಗೆ ಇದು ಉತ್ತರದವರ, ಗುಲಾಮಗಿರಿಯ ವಿರೋಧಿಗಳ ಹಬ್ಬ ಅನ್ನೋ ಗುಮಾನಿ. ದೇಶ ಒಡೆದೇ ಹೋಯಿತು. 1861ರಲ್ಲಿ ಅಂತರ್ಯುದ್ಧ ಶುರುವಾಯಿತು.

1863ರ ವರ್ಷವನ್ನು ನೋಡಿ. ಜನವರಿ 1ರಂದು ಲಿಂಕನ್ ಗುಲಾಮರ ವಿಮೋಚನೆಯ ಘೋಷಣೆಗೆ ಸಹಿ ಹಾಕಿದ. ಜುಲೈ ಮೊದಲ ಮೂರು ದಿನಗಳ ಗೆಟ್ಟಿಸ್‌ಬರ್ಗ್ ಕದನದಲ್ಲಿ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸುಮಾರು 51,000. ಲಿಂಕನ್ನನ ಮನೆಯಲ್ಲೂ ಸೂತಕ ಕಳೆದಿರಲಿಲ್ಲ. ಹಿಂದಿನ ವರ್ಷ ಫೆಬ್ರವರಿಯಲ್ಲಿ ಅವನ ಹನ್ನೊಂದು ವರ್ಷದ ಮಗ ವಿಲ್ಲಿ ಜ್ವರದಿಂದ ಶ್ವೇತಭವನದಲ್ಲೇ ಸತ್ತಿದ್ದ.

ಆ ವರ್ಷದ ಸೆಪ್ಟೆಂಬರ್ 28ರಂದು ಎಪ್ಪತ್ತನಾಲ್ಕು ವರ್ಷದ ಹೇಲ್ ಲಿಂಕನ್ನನಿಗೆ ಪತ್ರ ಬರೆದಳು. ಕೇವಲ ಐದು ದಿನಗಳಾದ ಮೇಲೆ, ಅಕ್ಟೋಬರ್ 3ರಂದು, ನವೆಂಬರಿನ ಕೊನೆಯ ಗುರುವಾರವನ್ನು ಕೃತಜ್ಞತೆಯ ದಿನವೆಂದು ಸಾರುವ ಘೋಷಣೆ ಹೊರಬಿತ್ತು. ಅದನ್ನು ಬರೆದವನು ವಿದೇಶಾಂಗ ಮಂತ್ರಿ ವಿಲಿಯಂ ಸೀವರ್ಡ್, ಸಹಿ ಲಿಂಕನ್ನನದು.

ಆ ಘೋಷಣೆಯನ್ನು ಪೂರ್ತಿ ಓದಿದರೆ ಒಂದು ವಿಷಯ ಗಮನಕ್ಕೆ ಬರುತ್ತೆ. ಮೊದಲ ಭಾಗದಲ್ಲಿ ಬೆಳೆ ಚೆನ್ನಾಗಿದೆ, ಯುದ್ಧದ ನಡುವೆಯೂ ನೇಗಿಲು ನಿಂತಿಲ್ಲ, ಮಗ್ಗ ನಿಂತಿಲ್ಲ, ಹಡಗು ನಿಂತಿಲ್ಲ ಅನ್ನೋ ಲೆಕ್ಕ ಇದೆ. ಅಲ್ಲಿಗೇ ಮುಗಿಸಿದ್ದರೆ ಅದು ಸರ್ಕಾರದ ತುತ್ತೂರಿ ಆಗ್ತಿತ್ತು. ಮುಗಿಸಲಿಲ್ಲ. ಧನ್ಯವಾದ ಹೇಳುವಾಗಲೇ ದೇಶದ ತಪ್ಪುಗಳಿಗಾಗಿ ಪಶ್ಚಾತ್ತಾಪ ಪಡಿ ಅನ್ನುತ್ತೆ. ವಿಧವೆಯರನ್ನು, ಅನಾಥರನ್ನು, ದುಃಖದಲ್ಲಿರುವವರನ್ನು ನೆನೆಯಿರಿ, ದೇಶದ ಗಾಯ ಮಾಯಲಿ ಅಂತ ಬೇಡಿಕೊಳ್ಳಿ ಅನ್ನುತ್ತೆ. ಬಂದದ್ದು, ಕಳೆದದ್ದು, ತಪ್ಪಿದ್ದು, ಮೂರೂ ಒಂದೇ ಹಾಳೆಯ ಮೇಲೆ.

ನವೆಂಬರ್ 19ರಂದು ಲಿಂಕನ್ ಗೆಟ್ಟಿಸ್‌ಬರ್ಗಿನ ಸಮಾಧಿ ಭೂಮಿಯಲ್ಲಿ ಆ ಪುಟ್ಟ ಭಾಷಣ ಮಾಡಿದ. ವಾಪಸು ಬರುವಾಗ ಮೈ ಕಾಯ್ತಿತ್ತು. ಅದು ಸಿಡುಬಿನ ಒಂದು ಬಗೆ. ವಾರದ ಮೇಲೆ, 26ರ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಬಂದಾಗ ಹಬ್ಬ ಸಾರಿದವನೇ ಹಾಸಿಗೆ ಹಿಡಿದಿದ್ದ. ಟೆನೆಸ್ಸಿಯ ಚಟನೂಗದಲ್ಲಿ ದೊಡ್ಡ ಕದನ ಮುಗಿದಿದ್ದು ಅದರ ಹಿಂದಿನ ದಿನ. ಯುದ್ಧ ಇನ್ನೂ ಒಂದೂವರೆ ವರ್ಷ ನಡೆಯಿತು. ಕೊನೆಗೆ ಸತ್ತವರ ಲೆಕ್ಕ ಆರು ಲಕ್ಷ ದಾಟಿತು. ಆ ಗುರುವಾರ ಖಾಲಿ ಕುರ್ಚಿ ಇದ್ದ ಮನೆಗಳು ಎಷ್ಟಿದ್ದವೋ.

ಹೇಲ್ ಕೇಳಿದ್ದು ‘ದುಃಖ ಮರೆಯೋಣ’ ಅಂತಲ್ಲ. ನಲವತ್ತು ವರ್ಷ ಕಪ್ಪು ಬಟ್ಟೆ ಉಟ್ಟವಳಿಗೆ ದುಃಖ ಮರೆಯೋದರಲ್ಲಿ ಆಸಕ್ತಿ ಇರಲಿಲ್ಲ. ದುಃಖ ಇದ್ದಾಗಲೂ ಮೇಜಿನ ಸುತ್ತ ಒಟ್ಟಿಗೆ ಕೂರೋಣ ಅಂತ ಕೇಳಿದಳು. ಎರಡಕ್ಕೂ ತುಂಬ ವ್ಯತ್ಯಾಸ ಇದೆ.

ಉಂಡ ಮನೆಯ ಜಂತಿ

ಕಥೆ ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿರುತ್ತೆ, ಆದರೆ ಪೂರ್ತಿ ಆಗಲ್ಲ. “ಉಂಡ ಮನೆಯ ಜಂತಿ ಎಣಿಸಬೇಡ” ಅಂತ ನಮ್ಮಲ್ಲಿ ಗಾದೆ ಇದೆ. 1621ರಲ್ಲಿ ಉಂಡವರ ಮಕ್ಕಳು ಜಂತಿ ಎಣಿಸಿದ್ದಷ್ಟೇ ಅಲ್ಲ, ಮನೆಯನ್ನೇ ಕಿತ್ತುಕೊಂಡರು. ಮಸಸಾಯಿಟ್ ಬದುಕಿರುವ ತನಕ ಒಪ್ಪಂದ ಉಳಿಯಿತು. ಅವನ ಮಗ ಮೆಟಕಾಮ್ ಕಾಲಕ್ಕೆ ಭೂಮಿಯ ಜಗಳ ಯುದ್ಧಕ್ಕೆ ತಿರುಗಿತು. 1676ರ ಆಗಸ್ಟಿನಲ್ಲಿ ಮೆಟಕಾಮ್‌ನನ್ನು ಕೊಂದು, ಅವನ ತಲೆಯನ್ನು ಪ್ಲಿಮತ್‌ನಲ್ಲಿ ಕಂಬಕ್ಕೆ ಚುಚ್ಚಿ ವರ್ಷಗಟ್ಟಲೆ ಹಾಗೇ ಬಿಟ್ಟಿದ್ದರು. ಅಪ್ಪ ಮೂರು ದಿನ ಪಂಕ್ತಿಯಲ್ಲಿ ಕೂತ ಊರು ಅದೇ.

1970ರಲ್ಲಿ ಮೇಫ್ಲವರ್ ಬಂದು 350 ವರ್ಷ ತುಂಬಿದ ಸಮಾರಂಭ. ವಾಂಪನಾಗ್ ಸಮುದಾಯದ ವಾಂಸಟ್ಟ ಫ್ರಾಂಕ್ ಜೇಮ್ಸ್ ಅವರನ್ನು ಭಾಷಣಕ್ಕೆ ಕರೆದರು. ಅವರು ಬರೆದಿದ್ದ ಭಾಷಣ ನೋಡಿ ಸಂಘಟಕರಿಗೆ ಇರುಸುಮುರುಸು. ಅದನ್ನು ಓದಬೇಡಿ, ಬೇರೆ ಬರೆದುಕೊಡ್ತೀವಿ ಅಂದರು. ಜೇಮ್ಸ್ ಒಪ್ಪಲಿಲ್ಲ. ಆ ಥ್ಯಾಂಕ್ಸ್‌ಗಿವಿಂಗ್ ದಿನ ಪ್ಲಿಮತ್‌ನ ಕೋಲ್ಸ್ ಹಿಲ್ ಮೇಲೆ, ಮಸಸಾಯಿಟ್‌ನ ಪ್ರತಿಮೆಯ ಹತ್ತಿರ ಜನ ಸೇರಿ ಅದನ್ನು ರಾಷ್ಟ್ರೀಯ ಶೋಕ ದಿನ ಅಂತ ಆಚರಿಸಿದರು. ಅಲ್ಲಿಂದ ಪ್ರತಿ ವರ್ಷವೂ ಅದು ನಡೀತಾ ಬಂದಿದೆ.

ಹಾಗಂತ ಮೂಲನಿವಾಸಿಗಳಿಗೆ ಕೃತಜ್ಞತೆ ಪರಕೀಯ ಅಂತಲ್ಲ. ಬದಲಿಗೆ ಇಲ್ಲಿಯ ಅತ್ಯಂತ ಹಳೆಯ ಧನ್ಯವಾದಗಳು ಅವರವೇ. ಹೌಡೆನೊಸೌನಿ, ಅಂದರೆ ಇರೊಕ್ವಾಯ್ ಒಕ್ಕೂಟದ ಜನ, ಸಭೆ ಶುರು ಮಾಡುವ ಮುಂಚೆ ಒಂದು ದೀರ್ಘ ವಂದನೆ ಹೇಳ್ತಾರೆ. ಮನುಷ್ಯರು, ಭೂಮಿ, ನೀರು, ಮೀನು, ಗಿಡಮೂಲಿಕೆ, ಪ್ರಾಣಿ, ಮರ, ಹಕ್ಕಿ, ಗಾಳಿ, ಸೂರ್ಯ, ಚಂದ್ರ, ನಕ್ಷತ್ರ, ಹೀಗೆ ಒಂದೊಂದನ್ನೂ ಹೆಸರು ಹಿಡಿದು ನೆನೆದು, ಪ್ರತಿ ಸಲ ‘ಈಗ ನಮ್ಮೆಲ್ಲರ ಮನಸ್ಸು ಒಂದಾಯಿತು’ ಅನ್ನೋ ಅರ್ಥದ ಮಾತಿನಿಂದ ಮುಗಿಸ್ತಾರೆ. ಭೂಮಿ ಕಳೆದುಕೊಂಡ ಜನ ಭೂಮಿಗೆ ವಂದಿಸೋದನ್ನು ಬಿಟ್ಟಿಲ್ಲ. ಆದರೆ ಕಿತ್ತುಕೊಂಡವರಿಗೆ ಥ್ಯಾಂಕ್ಸ್ ಹೇಳಿ ಅಂದರೆ ಹೇಳಲ್ಲ. ಶೋಕ ದಿನದ ಪಾಠ ನನಗೆ ಅರ್ಥವಾದದ್ದು ಇಷ್ಟು: ಕೃತಜ್ಞತೆ ಮತ್ತು ದೂರು ಒಂದೇ ಬಾಯಲ್ಲಿ ಇರಬಹುದು. ದೂರನ್ನು ಅಳಿಸಿ ಬರೀ ಥ್ಯಾಂಕ್ಸ್ ಉಳಿಸಿಕೊಳ್ಳಿ ಅಂತ ಯಾರಾದರೂ ಹೇಳಿದರೆ, ಅವರು ಕೇಳ್ತಿರೋದು ಕೃತಜ್ಞತೆಯನ್ನಲ್ಲ, ಮೌನವನ್ನು.

ನಾವು ಯಾರಿಗೆ ಋಣಿಗಳು?

ಇಷ್ಟೆಲ್ಲ ಇವರ ಕಥೆ ಆಯಿತು, ನಮಗೂ ಇದಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ. ಅದೂ ಒಂದು ಅಕ್ಟೋಬರ್ 3ರಂದೇ ಶುರುವಾದದ್ದು.

ವಾಷಿಂಗ್ಟನ್ ಘೋಷಣೆ 1789ರ ಅಕ್ಟೋಬರ್ 3. ಲಿಂಕನ್ ಘೋಷಣೆ 1863ರ ಅಕ್ಟೋಬರ್ 3. ಕಾಕತಾಳೀಯವೇ ಇರಲಿ, 1965ರ ಅಕ್ಟೋಬರ್ 3ರಂದು ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕೂತು ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಅದಕ್ಕೆ ಮೊದಲು ಏನಿತ್ತು? 1917ರ ಕಾನೂನು ಭಾರತದಿಂದ ಬರೋ ವಲಸೆಯನ್ನು ಹೆಚ್ಚು ಕಡಿಮೆ ಮುಚ್ಚಿಹಾಕಿತ್ತು. 1923ರಲ್ಲಿ ಭಗತ್ ಸಿಂಗ್ ತಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಭಾರತೀಯರು ‘ಬಿಳಿಯರಲ್ಲ’, ಹಾಗಾಗಿ ಪೌರತ್ವಕ್ಕೆ ಅರ್ಹರಲ್ಲ ಅಂದಿತು. 1946ರಲ್ಲಿ ಬಾಗಿಲು ಸ್ವಲ್ಪ ತೆರೆಯಿತು: ಇಡೀ ಭಾರತಕ್ಕೆ ವರ್ಷಕ್ಕೆ ನೂರು ಜನ. ನೂರು!

1965ರಲ್ಲಿ ಆ ಬಾಗಿಲು ತೆರೆದದ್ದಕ್ಕೆ ಹಲವು ಕಾರಣಗಳಿವೆ, ಶೀತಲ ಸಮರದ ಲೆಕ್ಕಾಚಾರವೂ ಒಂದು. ಆದರೆ ಹುಟ್ಟಿದ ಜಾಗ ನೋಡಿ ಮನುಷ್ಯನನ್ನು ಅಳೆಯೋದು ನಾಚಿಕೆಗೇಡು ಅನ್ನೋ ವಾತಾವರಣವನ್ನು ಸೃಷ್ಟಿಸಿದ್ದು ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ. ಅದೇ ವರ್ಷ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ ಮತದಾನದ ಹಕ್ಕಿಗಾಗಿ ಸೇತುವೆ ದಾಟಲು ಹೊರಟವರ ತಲೆಗಳನ್ನು ಪೊಲೀಸರು ಲಾಠಿಯಿಂದ ಒಡೆದಿದ್ದರು. ಆಗಸ್ಟಿನಲ್ಲಿ ಮತದಾನದ ಕಾನೂನು ಬಂತು, ಅಕ್ಟೋಬರಿನಲ್ಲಿ ವಲಸೆಯ ಕಾನೂನು. ಬೆಂಗಳೂರು, ಮೈಸೂರು, ಮಣಿಪಾಲ, ಸುರತ್ಕಲ್‌ಗಳಿಂದ ಡಾಕ್ಟರು, ಇಂಜಿನಿಯರುಗಳು ಹೊರಟು ಇಲ್ಲಿ ಮನೆ ಮಾಡಿದ್ದು ಆ ಬಾಗಿಲಿನಿಂದ. “ನಾವು ಬಂದದ್ದು ನಮ್ಮ ಓದಿನಿಂದ, ನಮ್ಮ ಶ್ರಮದಿಂದ” ಅಂತ ನಾವು ಹೇಳಿಕೊಳ್ತೀವಿ. ಓದೂ ನಮ್ಮದೇ, ಶ್ರಮವೂ ನಮ್ಮದೇ. ಬಾಗಿಲು ಮಾತ್ರ ಬೇರೆಯವರು ಏಟು ತಿಂದು ತೆರೆಸಿದ್ದು.

ನಮ್ಮ ಪರಂಪರೆಯಲ್ಲಿ ಇಂಥ ಬಾಕಿಗೆ ‘ಋಣ’ ಅಂತ ಹೆಸರು. ಮನೆಯವರಿಗೆ ಮಾತುಮಾತಿಗೆ ಥ್ಯಾಂಕ್ಸ್ ಹೇಳೋ ರೂಢಿ ನಮ್ಮಲ್ಲಿಲ್ಲ, ಅಮ್ಮ ಬಡಿಸಿದಾಗ ಧನ್ಯವಾದ ಅಂದರೆ ಅವಳು ಜ್ವರ ಬಂದಿದೆಯಾ ಅಂತ ಹಣೆ ಮುಟ್ಟಿ ನೋಡ್ತಾಳೆ. ಆದರೆ ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಅಂತ ಹೇಳಿಕೊಟ್ಟವಳೂ ಅವಳೇ. ಮಾತಿಗಿಂತ ನೆನಪು ಮುಖ್ಯ, ನೆನಪಿಗಿಂತ ಅದರ ಜೊತೆಗಿರೋ ಕರ್ತವ್ಯ ಮುಖ್ಯ. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು ಇದನ್ನೇ ಹೇಳುತ್ತೆ. ಸುಮಾರು ಕ್ರಿ.ಶ. 950ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಅನ್ನೋ ಬೇಟೆನಾಯಿ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಅದರ ಒಡೆಯ ಮಣಲೆರ ಆ ನಾಯಿಗಾಗಿ ಕಲ್ಲು ನಿಲ್ಲಿಸಿದ. ಬರೀ ಕಲ್ಲಲ್ಲ, ಅದರ ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಪೂಜಾರಿ ಊಟ ಮಾಡುವಂತಿಲ್ಲ ಅಂತ ಕಟ್ಟಳೆ ಬರೆಸಿದ. ನೆನಪಿಗೆ ಒಂದು ಹೆಸರು, ಒಂದು ಹೊಲ, ದಿನಾ ಮಾಡಬೇಕಾದ ಒಂದು ಕೆಲಸ. ಸತ್ತದ್ದು ನಾಯಿ, ಆದರೂ ಋಣ ಋಣವೇ.

ಥ್ಯಾಂಕ್ಸ್‌ಗಿವಿಂಗ್ ಆಮೇಲೆ ವ್ಯಾಪಾರದ ಹಬ್ಬವೂ ಆಯಿತು. 1939ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ಕ್ರಿಸ್ಮಸ್ ಖರೀದಿಗೆ ಒಂದು ವಾರ ಹೆಚ್ಚು ಸಿಗಲಿ ಅಂತ ರೂಸ್‌ವೆಲ್ಟ್ ದಿನವನ್ನೇ ಹಿಂದಕ್ಕೆ ತಂದ. ಅರ್ಧ ರಾಜ್ಯಗಳು ಒಪ್ಪಲಿಲ್ಲ. ಕೊನೆಗೆ 1941ರಲ್ಲಿ ಕಾಂಗ್ರೆಸ್ಸು ನವೆಂಬರಿನ ನಾಲ್ಕನೆಯ ಗುರುವಾರ ಅಂತ ಕಾನೂನು ಮಾಡಿತು. ಅದಕ್ಕೆ ಸಹಿ ಬಿದ್ದದ್ದು ಪರ್ಲ್ ಹಾರ್ಬರ್ ದಾಳಿಯಾಗಿ ಮೂರು ವಾರವೂ ಆಗದಿದ್ದಾಗ. ಮತ್ತೆ ಅದೇ: ಹಬ್ಬದ ದಿನ ಗೊತ್ತಾಗಿದ್ದು ಯುದ್ಧದ ಬಾಗಿಲಲ್ಲಿ.

ಹಾಗಾಗಿ ಈ ವರ್ಷ ನಿಮಗೆ ಕಷ್ಟದ ವರ್ಷವಾಗಿದ್ದರೆ, ಆ ಹಾಳೆ ತುಂಬಿಸಲಾಗದೆ ಕೂತಿದ್ದರೆ, ನೀವು ಈ ಹಬ್ಬದ ಹೊರಗಿನವರಲ್ಲ. ಹಬ್ಬ ಹುಟ್ಟಿದ್ದೇ ನಿಮ್ಮಂಥವರ ನಡುವೆ. ಎಲ್ಲ ಚೆನ್ನಾಗಿದೆ ಅಂತ ಸುಳ್ಳು ಬರೆಯಬೇಕಿಲ್ಲ. ಕಳೆದುಕೊಂಡದ್ದನ್ನು ಒಂದು ಕಡೆ ಬರೆಯಿರಿ, ಆಗಿರೋ ಅನ್ಯಾಯವನ್ನೂ ಬರೆಯಿರಿ. ಅದರ ಪಕ್ಕದಲ್ಲಿ ಉಪ್ಪಿಟ್ಟವರ ಹೆಸರು ಬರೆಯಿರಿ. ‘ಎಲ್ಲರಿಗೂ’ ಅಂತ ಬೇಡ, ಹೆಸರು ಹಿಡಿದು. ಮೊದಲ ವಾರ ಏರ್‌ಪೋರ್ಟಿಗೆ ಬಂದು ಕರೆದುಕೊಂಡು ಹೋದವರು, ಕೆಲಸ ಹೋದಾಗ ರೆಸ್ಯೂಮೆ ನೂರು ಕಡೆ ಕಳಿಸಿದವರು, ಊರಲ್ಲಿ ನಿಮ್ಮ ಪರವಾಗಿ ಅಪ್ಪನಿಗೆ ಹೆಗಲು ಕೊಟ್ಟ ಪಕ್ಕದ ಮನೆಯವರು. ಸಾಧ್ಯವಾದರೆ ಹೆಸರೇ ಗೊತ್ತಿಲ್ಲದ, ಸೆಲ್ಮಾದ ಸೇತುವೆಯ ಮೇಲೆ ನಡೆದವರನ್ನೂ ಸೇರಿಸಿ.

ಆಮೇಲೆ ಆ ಪಟ್ಟಿಯಲ್ಲಿರೋ ಒಬ್ಬರಿಗೆ ಫೋನ್ ಮಾಡಿ. ಈ ವರ್ಷ ಅವರಿಗೂ ಕಷ್ಟದ ವರ್ಷವಾಗಿರಬಹುದು.